ಹಿಂದೆ ಕೂತವಳಿಗೂ ಚಳಿ ಇದೆ



ಈ ಸಲದ ಟಪಾಲಿನಲ್ಲಿ ಹಪ್ಪಳ ಯಾಕೆ ಒಡೆಯುತ್ತೆ, ಸೊಸೆ ಯಾಕೆ ಮುಖ ಕೊಟ್ಟು ಮಾತಾಡಲ್ಲ ಅನ್ನುವ ಪತ್ರಗಳ ನಡುವೆ ಬೇರೆ ಥರದ ಒಂದು ಪತ್ರ ಇತ್ತು. ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದದ್ದು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಅವರ ಯಜಮಾನರು ಮೇ ತಿಂಗಳಲ್ಲಿ ನಿವೃತ್ತರಾದರಂತೆ. ಅವರಿಗೆ ಬಹಳ ವರ್ಷದಿಂದ ಒಂದೇ ಆಸೆ. ಮೋಟಾರ್ ಸೈಕಲ್ಲಿನಲ್ಲಿ ಮನಾಲಿಯಿಂದ ಲೇಹ್‌ಗೆ ಹೋಗಬೇಕು, ಹೆಂಡತಿಯನ್ನೂ ಹಿಂದೆ ಕೂರಿಸಿಕೊಂಡು. ಸೆಪ್ಟೆಂಬರ್ ಕೊನೆಗೆ ಹೊರಡುವುದು ಅಂತ ನಿಶ್ಚಯವಾಗಿದೆ. ಈಕೆ ಚೀಟಿ ಎತ್ತಿ ಬಟ್ಟೆಬರೆಗೆ ಅಂತ 20,000 ರೂಪಾಯಿ ತೆಗೆದಿಟ್ಟಿದ್ದಾರೆ. ಮುಂದಿನದನ್ನು ಅವರ ಮಾತಿನಲ್ಲೇ ಓದಿ:

"ಕರೆಂಟಿನಿಂದ ಬಿಸಿಯಾಗುವ ಜಾಕೆಟ್ಟು, ಗ್ಲೌಸು, ಸಾಕ್ಸು ಎಲ್ಲ ಬಂದಿವೆಯಂತೆ. ಇಬ್ಬರಿಗೂ ತೆಗೆದುಕೊಳ್ಳಲು ಹಣ ಸಾಲದು. ಗಾಡಿ ಓಡಿಸುವವರು ಅವರು. ಅವರಿಗೊಂದು ಪೂರ್ತಿ ಸೆಟ್ ತೆಗೆದರೆ ಸಾಕಲ್ಲವೇ? ನಾನು ಹಿಂದೆ ಕೂರುವವಳು, ಎರಡು ಸ್ವೆಟರ್ ಹಾಕಿಕೊಂಡು ಹೇಗೋ ಸುಧಾರಿಸಿಕೊಳ್ಳುತ್ತೇನೆ. ಯಾವ ಕಂಪನಿಯದು ಒಳ್ಳೆಯದು ತಿಳಿಸಿ."

ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: "ನನಗೆ ಸಕ್ಕರೆ ಕಾಯಿಲೆ ಇದೆ, ಪಾದ ಸ್ವಲ್ಪ ಜೋಮು. ಅದೇನೂ ದೊಡ್ಡದಲ್ಲ."

ಕಂಪನಿಯ ಮಾತು ಆಮೇಲಿರಲಿ. "ಸುಧಾರಿಸಿಕೊಳ್ಳುತ್ತೇನೆ" ಅನ್ನುವ ಮಾತಿದೆಯಲ್ಲ, ಮೊದಲು ಅದನ್ನೇ ತೆಗೆದುಕೊಳ್ಳೋಣ. ಮನೆಯಲ್ಲಿ ನಾವು ಎಷ್ಟು ಸಲ ಹೇಳಿಲ್ಲ ಅದನ್ನ! ಕೊನೆಯ ದೋಸೆ ಸೀದು ಹೋದರೆ ನಾವೇ ತಿಂದು ಸುಧಾರಿಸಿಕೊಳ್ತೀವಿ. ನೆಂಟರು ಬಂದರೆ ಚಾಪೆಯ ಮೇಲೆ ಮಲಗಿ ಸುಧಾರಿಸಿಕೊಳ್ತೀವಿ. ಆದರೆ ಲೇಹ್ ದಾರಿಯ ಚಳಿ ನಮ್ಮ ಮನೆಯ ನೆಂಟ ಅಲ್ಲ. ಅದರ ಹತ್ತಿರ ಈ ಮಾತು ನಡೆಯಲ್ಲ.

ಎಷ್ಟು ಚಳಿ, ಎಂಥ ಚಳಿ

ನಮ್ಮ ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರದ ಬೆಟ್ಟ, ಸುಮಾರು 1,930 ಮೀಟರ್. ಮನಾಲಿ ಊರೇ ಅದಕ್ಕಿಂತ ಸ್ವಲ್ಪ ಮೇಲಿದೆ. ಅಲ್ಲಿಂದ ಲೇಹ್‌ಗೆ ಸುಮಾರು 430 ಕಿಲೋಮೀಟರ್. 2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ರೋಹ್ತಂಗ್ ಘಟ್ಟ ಹತ್ತುವುದು ತಪ್ಪಿತು, ನಿಜ. ಆದರೆ ಆಮೇಲಿನ ಘಟ್ಟಗಳು ಹಾಗೇ ಇವೆ. ಬಾರಾಲಾಚಾ ಲಾ 4,800 ಮೀಟರಿಗೂ ಮೇಲೆ, ತಂಗ್ಲಂಗ್ ಲಾ 5,300 ಮೀಟರಿಗೂ ಮೇಲೆ.

ಸಾವಿರ ಮೀಟರ್ ಹತ್ತಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಮನಾಲಿಯಲ್ಲಿ 20 ಡಿಗ್ರಿ ಹಿತವಾಗಿದ್ದರೆ, ಲೆಕ್ಕದ ಪ್ರಕಾರ ತಂಗ್ಲಂಗ್ ಲಾದಲ್ಲಿ ಸೊನ್ನೆಯ ಆಸುಪಾಸು. ಇದು ನಿಂತ ಗಾಳಿಯ ಮಾತು. ಗಾಡಿ ಓಡುವಾಗ ಗಾಳಿ ನಮ್ಮ ಮೈಮೇಲೆ ಬೀಸುತ್ತದಲ್ಲ, ಅದರ ಲೆಕ್ಕ ಬೇರೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಓಡಿದರೆ ತೆರೆದ ಚರ್ಮಕ್ಕೆ ಸೊನ್ನೆಗಿಂತ 7 ಡಿಗ್ರಿ ಕೆಳಗಿನಷ್ಟು ಚಳಿ. ಅದೇ 60ರಲ್ಲಿ ಓಡಿದರೆ 9 ಡಿಗ್ರಿ ಕೆಳಗಿನಷ್ಟು. ನಮ್ಮ ಫ್ರಿಜ್ಜಿನ ಐಸ್ ಪೆಟ್ಟಿಗೆಯೊಳಗೆ ಮುಖ ಇಟ್ಟುಕೊಂಡು ಫ್ಯಾನ್ ಹಾಕಿದ ಹಾಗೆ, ಅದೂ ಗಂಟೆಗಟ್ಟಲೆ.

ಸುಮ್ಮನೆ ಕೂತವರನ್ನು ಗಮನಿಸಿ

ಬೇಸಿಗೆಯಲ್ಲಿ ಬಾವಿ ನೀರು ಕಮ್ಮಿಯಾದರೆ ನಾವೇನು ಮಾಡ್ತೀವಿ? ಹಿತ್ತಲ ಗಿಡಕ್ಕೆ ನಿಲ್ಲಿಸಿ ಅಡುಗೆಮನೆಗೆ ಉಳಿಸಿಕೊಳ್ತೀವಿ. ನಮ್ಮ ಮೈಯೂ ಥೇಟ್ ಗೃಹಿಣಿಯ ಥರಾನೇ. ಶಾಖ ಕಮ್ಮಿಯಾದರೆ ಕೈಬೆರಳು, ಕಾಲ್ಬೆರಳಿಗೆ ರಕ್ತ ಕಡಿಮೆ ಮಾಡಿ ಎದೆ ಹೊಟ್ಟೆಯನ್ನು ಕಾಪಾಡಿಕೊಳ್ಳುತ್ತದೆ. ಅದಕ್ಕೇ ಬೆರಳು ಮೊದಲು ಮರಗಟ್ಟುವುದು. ಮರಗಟ್ಟಿದ ಬೆರಳಿಗೆ ಬ್ರೇಕು ಕ್ಲಚ್ಚು ಸರಿಯಾಗಿ ಸಿಗಲ್ಲ. ಇದು ಓಡಿಸುವವರ ಅಪಾಯ.

ಹಿಂದೆ ಕೂತವರ ಅಪಾಯ ಇನ್ನೊಂದು ಥರ. ಮುಂದಿನವರ ಬೆನ್ನು ಮರೆ ಇರುತ್ತದೆ, ಸ್ವಲ್ಪ ಗಾಳಿ ತಪ್ಪುತ್ತದೆ, ಸರಿ. ಆದರೆ ಓಡಿಸುವವರ ಕೈ, ಕಾಲು, ಭುಜಕ್ಕೆ ಕೆಲಸ ಇದೆ, ಅದರಿಂದ ಮೈ ಕಾಯುತ್ತದೆ. ಹಿಂದೆ ಕೂತವಳು ಗೊಂಬೆ ಹಾಗೆ ಅಲುಗಾಡದೆ ಕೂತಿರುತ್ತಾಳೆ. ಮೊದಲು ನಡುಕ. ಆಮೇಲೆ ಕೈ ತಡವರಿಸುತ್ತದೆ, ಮಾತು ತೊದಲುತ್ತದೆ, ಮಂಕು ಕವಿಯುತ್ತದೆ. ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಆಸ್ಪತ್ರೆಯ ವಿಚಾರ. ನಡುಕ ನಿಂತು ಸುಮ್ಮನಾದರೆ "ಅಬ್ಬ, ಒಗ್ಗಿಕೊಂಡಳು" ಅಂತ ತಿಳಿಯಬೇಡಿ, ಅದೇ ಎಲ್ಲಕ್ಕಿಂತ ಕೆಟ್ಟ ಸೂಚನೆ.

ಇದು ಪುಸ್ತಕದ ಮಾತಷ್ಟೇ ಅಲ್ಲ. 1984ರ ಡಿಸೆಂಬರಿನಲ್ಲಿ, ಮದುವೆಯಾದ ಹೊಸತು, ನಮ್ಮವರ ಯೆಜ್ಡಿ ಗಾಡಿಯಲ್ಲಿ ಬೆಳಕು ಹರಿಯುವ ಮುಂಚೆ ಮುಳ್ಳಯ್ಯನಗಿರಿಗೆ ಹೊರಟೆವು. ಅವರು ಸ್ವೆಟರಿನೊಳಗೆ ಎದೆಗೆ ವೃತ್ತಪತ್ರಿಕೆ ಮಡಿಸಿ ಇಟ್ಟುಕೊಂಡು, ಮೇಲೆ ರೈನ್‌ಕೋಟು ಹಾಕಿಕೊಂಡರು. ನಾನು ಸೀರೆ, ಮೇಲೊಂದು ಶಾಲು. ಮೇಲೆ ಹೋಗಿ ಇಳಿದಾಗ ನನ್ನ ಕೈಲಿ ಪರ್ಸಿನ ಜಿಪ್ ಎಳೆಯೋಕೆ ಆಗಲಿಲ್ಲ. ಮಾತಾಡಲು ಹೋದರೆ ಹಲ್ಲು ಕಟಕಟ. "ದಾರಿಯಲ್ಲೇ ಹೇಳಬಾರದಿತ್ತಾ?" ಅಂದರು ಅವರು. "ನೀವು ಕೇಳಲಿಲ್ಲವಲ್ಲ" ಅಂದೆ. ಆಗ ಇಬ್ಬರೂ ನಕ್ಕೆವು. ಮುಳ್ಳಯ್ಯನಗಿರಿಯಲ್ಲಿ ನಗಬಹುದು, ಅರ್ಧ ಗಂಟೆ ಇಳಿದರೆ ಬಿಸಿ ಕಾಫಿ ಸಿಗುತ್ತದೆ. ತಂಗ್ಲಂಗ್ ಲಾದಲ್ಲಿ ಅದು ನಗುವ ಮಾತಲ್ಲ.

ಮೊದಲು ಗಾಳಿ, ಆಮೇಲೆ ಉಣ್ಣೆ, ಕೊನೆಗೆ ಕರೆಂಟು

ಬಿಸಿಯಾಗುವ ಬಟ್ಟೆ ಅಂದರೆ ಏನು? ಬಟ್ಟೆಯ ಎರಡು ಪದರದ ನಡುವೆ ಕೂದಲಿನಂಥ ತಂತಿ ಇಲ್ಲವೇ ಕಾರ್ಬನ್ ಎಳೆ ಹೊಲಿದಿರುತ್ತಾರೆ. ಕರೆಂಟು ಹರಿದರೆ ಅದು ಕಾಯುತ್ತದೆ, ಇಸ್ತ್ರಿಪೆಟ್ಟಿಗೆಯ ತತ್ತ್ವವೇ, ಅಳತೆ ಮಾತ್ರ ಸಣ್ಣದು. ಹೊಸ ವಿದ್ಯೆಯೇನೂ ಅಲ್ಲ. ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳಲ್ಲಿ ಮೇಲೆ ಹಾರುವವರು ಇಂಥ ಉಡುಪು ತೊಡುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಗಾರ್ಡನ್ ಗರ್ಬಿಂಗ್ ಅನ್ನುವವರು, ತಮ್ಮ ವರ್ಕ್‌ಶಾಪಿಗೆ ಚಳಿಯಲ್ಲಿ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ ಕೆಲಸಗಾರರಿಗಾಗಿ ಮಾಡಿಕೊಟ್ಟದ್ದು ಮುಂದೆ ದೊಡ್ಡ ವ್ಯಾಪಾರವೇ ಆಯಿತು.

ಆದರೆ ಸೋದರಿಯರೇ, ಬಿಸಿ ಮಾಡುವುದು ಒಂದು, ಬಿಸಿ ಉಳಿಸಿಕೊಳ್ಳುವುದು ಇನ್ನೊಂದು. ಹಂಡೆ ನೀರು ಕಾಯಿಸಿ ಮುಚ್ಚಳ ತೆಗೆದಿಟ್ಟರೆ ಸೌದೆ ದಂಡ. ಹಾಗೇ ಗಾಳಿ ನುಗ್ಗುವ ಜಾಕೆಟ್ಟಿನೊಳಗೆ ಎಷ್ಟು ಸಾವಿರದ ಕರೆಂಟಿನ ವೆಸ್ಟು ಹಾಕಿದರೂ ಹಣ ದಂಡ. ಆದ್ದರಿಂದ ಈ ಸರದಿ ನೆನಪಿಡಿ.

ಮೈಗೆ ತಾಗುವುದು ತೆಳ್ಳಗಿನ ಉಣ್ಣೆ ಅಥವಾ ಥರ್ಮಲ್ ಬನಿಯನ್, ಪೈಜಾಮ. ಹತ್ತಿಯದು ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗೇ ಇರುತ್ತದೆ, ಒದ್ದೆ ಬಟ್ಟೆ ಮೈಯನ್ನು ಇನ್ನೂ ತಣ್ಣಗೆ ಮಾಡುತ್ತದೆ. ಅದರ ಮೇಲೆ ಬಿಸಿಯಾಗುವ ವೆಸ್ಟು. ಅದು ಮೈಗೆ ಒತ್ತಿಕೊಂಡಿರಬೇಕು, ದೊಗಲೆಯಾದರೆ ಬಿಸಿ ಮೈಗೆ ಮುಟ್ಟಲ್ಲ. ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್. ಎಲ್ಲದರ ಮೇಲೆ ಗಾಳಿ, ಮಳೆ ಎರಡೂ ಒಳಗೆ ಬಿಡದ ಜಾಕೆಟ್ಟು, ಪ್ಯಾಂಟು. ಕುತ್ತಿಗೆ, ಮಣಿಕಟ್ಟು, ಸೊಂಟ ಈ ಮೂರು ಕಡೆಯೇ ಗಾಳಿ ಕಳ್ಳನ ಹಾಗೆ ನುಗ್ಗುವುದು. ಅಂಗಡಿಯಲ್ಲೇ ಹಾಕಿಕೊಂಡು, ಗಾಡಿ ಮೇಲೆ ಕೂತ ಹಾಗೆ ಮುಂದಕ್ಕೆ ಬಾಗಿ ನೋಡಿ. ಬೆನ್ನ ಹಿಂದೆ ಮೇಲಕ್ಕೆ ಏರಿದರೆ ಆ ಜಾಕೆಟ್ಟು ಬೇಡ.

ನಮ್ಮ ಚಿಕ್ಕಮಗಳೂರು, ಮಡಿಕೇರಿ ಕಡೆ ಮುಂಜಾನೆ ಹಾಲಿಗೋ ತೋಟಕ್ಕೋ ಹೋಗುವ ಮನೆಯವರಿಗೆ ಇಷ್ಟರಲ್ಲೇ ಬೇಕಾದಷ್ಟಾಯಿತು. ಕರೆಂಟಿನ ಬಟ್ಟೆಗೆ ಅವರು ಕಾಸು ಹಾಕಬೇಕಾಗಿಲ್ಲ.

ಬ್ಯಾಟರಿಯದೋ, ಗಾಡಿಯದೋ?

ಎರಡು ಜಾತಿ ಇದೆ. ಒಂದು, ಜೇಬಿನಲ್ಲಿ ಬ್ಯಾಟರಿ ಇಟ್ಟುಕೊಳ್ಳುವುದು. ಇನ್ನೊಂದು, ಗಾಡಿಯ 12 ವೋಲ್ಟ್ ಬ್ಯಾಟರಿಗೆ ವೈರ್ ಸಿಕ್ಕಿಸಿಕೊಳ್ಳುವುದು.

ಗಾಡಿಯದಕ್ಕೆ ಬಿಸಿ ಜಾಸ್ತಿ, ದಿನವಿಡೀ ಬರುತ್ತದೆ. ಆದರೆ ಜಾಕೆಟ್ಟು ಗ್ಲೌಸು ಸೇರಿದರೆ ಒಬ್ಬರಿಗೆ ಸುಮಾರು 100 ವ್ಯಾಟ್ ಬೇಕು. ಒಂದು ಹ್ಯಾಲೊಜೆನ್ ಹೆಡ್‌ಲೈಟಿಗೆ 55-60 ವ್ಯಾಟ್. ಅಂದರೆ ಒಬ್ಬರು ಹಾಕಿಕೊಂಡರೆ ಹೆಚ್ಚುಕಡಿಮೆ ಎರಡು ಹೆಡ್‌ಲೈಟು, ಇಬ್ಬರಾದರೆ ನಾಲ್ಕು. ಹೊರದೇಶದ ದೊಡ್ಡ ಗಾಡಿಗಳು ಇದನ್ನು ತಡೆಯುತ್ತವೆ. ನಿಮ್ಮ ಗಾಡಿಗೆ ಎಷ್ಟು ವ್ಯಾಟ್ ಮಿಗುತ್ತದೆ ಅಂತ ಮೆಕ್ಯಾನಿಕ್ ಹತ್ತಿರ ಕೇಳದೆ ಕೈಹಾಕಬೇಡಿ. ವೈರಿಗೆ ಫ್ಯೂಸ್ ಇರಲೇಬೇಕು. ಎಂಜಿನ್ ನಿಲ್ಲಿಸಿದಾಗ ಸ್ವಿಚ್ಚೂ ಆರಿಸಬೇಕು. ಮರೆತು ಟೀ ಕುಡಿಯುತ್ತಾ ಕೂತರೆ ಬ್ಯಾಟರಿ ಇಳಿದು ಘಟ್ಟದ ಮೇಲೆ ಗಾಡಿ ಸ್ಟಾರ್ಟ್ ಆಗಲ್ಲ. ಸಿಕ್ಕಿಸುವ ಪ್ಲಗ್ಗು ಎಳೆದರೆ ತಾನಾಗೇ ಬಿಚ್ಚಿಕೊಳ್ಳುವಂತಿರಬೇಕು, ಹಿಂದೆ ಕೂತವರು ಮರೆತು ಇಳಿದರೆ ಮುಗ್ಗರಿಸಬಾರದು ನೋಡಿ.

ಬ್ಯಾಟರಿಯದು ಸರಳ. ಗಾಡಿಗೆ ತೊಂದರೆ ಇಲ್ಲ, ರಾತ್ರಿ ಡೇರೆಯಲ್ಲೂ ಉಪಯೋಗ. ಆದರೆ ಡಬ್ಬದ ಮೇಲೆ "10 ಗಂಟೆ" ಅಂತ ಬರೆದಿದ್ದರೆ ನಂಬಬೇಡಿ, ನೀವೇ ಲೆಕ್ಕ ಹಾಕಿ. 7.4 ವೋಲ್ಟಿನ, 5,000 ಎಂ.ಎ.ಎಚ್. ಬ್ಯಾಟರಿ ಅಂದರೆ 37 ವ್ಯಾಟ್-ಗಂಟೆ. ವೆಸ್ಟು 12 ವ್ಯಾಟ್ ತಿಂದರೆ ಮೂರು ಗಂಟೆ, ಅಷ್ಟೇ. ಚಳಿಯಲ್ಲಿ ಬ್ಯಾಟರಿ ಇನ್ನೂ ಬೇಗ ಸೋಲುತ್ತದೆ. ಆದ್ದರಿಂದ ಘಟ್ಟ ಹತ್ತಿ ಇಳಿಯುವಾಗ ಮಾತ್ರ ಹಾಕಿಕೊಳ್ಳಿ, ಬಿಸಿಲಿನ ಬಯಲಲ್ಲಿ ಆರಿಸಿ. ತಲೆಗೊಂದು ಬದಲಿ ಬ್ಯಾಟರಿ ಇರಲಿ, ಅದನ್ನು ಪೆಟ್ಟಿಗೆಯಲ್ಲಿ ಇಡದೆ ಒಳಜೇಬಿನಲ್ಲಿ ಬೆಚ್ಚಗಿಡಿ. ಕೊರೆಯುವ ಚಳಿಯಲ್ಲಿ, ಸೊನ್ನೆಗಿಂತ ಕೆಳಗೆ, ಅದನ್ನು ಚಾರ್ಜಿಗೆ ಹಾಕಬೇಡಿ, ಕೆಟ್ಟುಹೋಗುತ್ತದೆ. ದಾರಿಯ ಡೇರೆಗಳಲ್ಲಿ ರಾತ್ರಿಯೆಲ್ಲ ಕರೆಂಟು ಇರುತ್ತದೆ ಅಂತಲೂ ನೆಚ್ಚಬೇಡಿ. ಪವರ್ ಬ್ಯಾಂಕ್ ಕೊಂಡರೆ ಬಿ.ಐ.ಎಸ್. ಗುರುತು ನೋಡಿ ಕೊಳ್ಳಿ. ವಿಮಾನದಲ್ಲಿ ಹೋಗುವವರು ಈ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ.

ಆ ಸಣ್ಣ ಅಕ್ಷರದ ಸಾಲು

ತಂಗಿ, ನೀವು "ದೊಡ್ಡದಲ್ಲ" ಅಂದಿರಲ್ಲ, ನನಗೆ ಇಡೀ ಪತ್ರದಲ್ಲಿ ಅದೇ ದೊಡ್ಡದಾಗಿ ಕಂಡಿತು. ಬಿಸಿಯಾದರೆ ಸುಡುತ್ತದೆ, ಸುಟ್ಟರೆ ತೆಗೆಯುತ್ತೇವೆ ಅಂತ ಎಲ್ಲರ ಲೆಕ್ಕ. ಆದರೆ 44 ಡಿಗ್ರಿಯಷ್ಟು, ಅಂದರೆ ಮೀಯುವ ಬಿಸಿನೀರಿಗಿಂತ ಅಷ್ಟೇನೂ ಹೆಚ್ಚಲ್ಲದ ಶಾಖವೂ ಆರು ಗಂಟೆ ಒಂದೇ ಜಾಗಕ್ಕೆ ತಾಗಿದ್ದರೆ ಚರ್ಮ ಸುಡುತ್ತದೆ. ಜೋಮು ಹಿಡಿದ ಪಾದಕ್ಕೆ ಅದು ಗೊತ್ತೇ ಆಗಲ್ಲ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಮಾಯುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಕರೆಂಟಿನ ಸಾಕ್ಸು, ಬಿಸಿಯಾಗುವ ಅಟ್ಟೆ ನಿಮಗೆ ಬೇಡವೇ ಬೇಡ. ದಪ್ಪ ಉಣ್ಣೆಯ ಕಾಲುಚೀಲ, ಬೆರಳು ಆಡಿಸಲು ಜಾಗವಿರುವ ಬೂಟು ಸಾಕು. ಬಿಗಿಯಾದ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ಎದೆ ಬೆನ್ನು ಬೆಚ್ಚಗಿದ್ದರೆ ಕಾಲಿಗೂ ರಕ್ತ ಹರಿಯುತ್ತದೆ, ಹಿತ್ತಲ ಗಿಡಕ್ಕೆ ನೀರು ಬಿಟ್ಟ ಹಾಗೆ. ವೆಸ್ಟನ್ನೂ ಬರಿಮೈಗೆ ಹಾಕಬೇಡಿ, ಸಣ್ಣ ಉರಿಯಲ್ಲೇ ಇಡಿ, ಪ್ರತಿ ರಾತ್ರಿ ಪಾದ, ಬೆನ್ನು ಎರಡನ್ನೂ ಯಜಮಾನರಿಗೆ ತೋರಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದು ಹೆಪ್ಪುಗಟ್ಟದ ಹಾಗೆ ಬಟ್ಟೆಯೊಳಗೇ ಇಟ್ಟುಕೊಳ್ಳಬೇಕು, ಆದರೆ ಬಿಸಿಯಾಗುವ ಜಾಗದ ಪಕ್ಕದಲ್ಲಿ ಅಲ್ಲ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳಿಯೇ ಕೊಳ್ಳಬೇಕು.

ಡಾಕ್ಟರ ಹತ್ತಿರ ನೀವಿಬ್ಬರೂ ಹೊರಡುವ ಮುಂಚೆ ಹೇಗೂ ಹೋಗಲೇಬೇಕು. ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಗಾಳಿಯೇ ಕಡಿಮೆ. ತಲೆನೋವು, ವಾಂತಿ, ತಲೆ ತಿರುಗುವುದು ಶುರುವಾದರೆ ಯಾವ ಜಾಕೆಟ್ಟೂ ಕಾಪಾಡಲ್ಲ. ಕೆಳಗೆ ಇಳಿಯುವುದೊಂದೇ ಮದ್ದು. ಒಂದೇ ಓಟಕ್ಕೆ ಹತ್ತದೆ ನಡುನಡುವೆ ತಂಗಿ ಹೋಗಿ.

ಇನ್ನು 20,000ದ ಲೆಕ್ಕ

ಬೆಲೆ ಕಂಪನಿಯಿಂದ ಕಂಪನಿಗೆ ಬೇರೆ, ಅದಕ್ಕೇ ನಾನು ರೂಪಾಯಿ ಹೇಳಲ್ಲ, ಸರದಿ ಹೇಳ್ತೀನಿ. ಮೇಲಿನದು ಮುಗಿಯದೆ ಕೆಳಗಿನದಕ್ಕೆ ಕೈ ಹಾಕಬೇಡಿ.

ಒಂದು: ಇಬ್ಬರಿಗೂ ಗಾಳಿ ತಡೆಯುವ ಜಾಕೆಟ್ಟು, ಪ್ಯಾಂಟು. ದಪ್ಪ ರೈಡಿಂಗ್ ಜಾಕೆಟ್ಟುಗಳು ಮನಾಲಿಯಲ್ಲಿ, ಲೇಹ್‌ನಲ್ಲಿ ಬಾಡಿಗೆಗೂ ಸಿಗುತ್ತವೆ. ಜೀವಮಾನಕ್ಕೊಮ್ಮೆ ಹೋಗುವವರಿಗೆ ಅದೇ ವಾಸಿ.

ಎರಡು: ಇಬ್ಬರಿಗೂ ಥರ್ಮಲ್ ಎರಡೆರಡು ಜೊತೆ, ಉಣ್ಣೆ ಕಾಲುಚೀಲ, ಹೆಲ್ಮೆಟ್ಟಿನೊಳಗೆ ಹಾಕುವ ತೆಳ್ಳನೆಯ ಮಂಕಿ ಟೋಪಿ.

ಮೂರು: ಇಬ್ಬರಿಗೂ ಬ್ಯಾಟರಿಯ ವೆಸ್ಟು. ತೋಳಿಲ್ಲದ್ದೇ ಸಾಕು. ಒಬ್ಬರಿಗೆ ಪೂರ್ತಿ ಸೆಟ್ ಕೊಳ್ಳುವ ಬದಲು ಎರಡು ಮೈ ಬೆಚ್ಚಗಾಗಲಿ.

ನಾಲ್ಕು: ಹಣ ಮಿಕ್ಕರೆ ಓಡಿಸುವವರಿಗೆ ಬಿಸಿಯಾಗುವ ಗ್ಲೌಸು. ಮಿಗದಿದ್ದರೆ ಒಳ್ಳೆಯ ಚಳಿ ಗ್ಲೌಸು ಹಾಕಿ, ಹ್ಯಾಂಡಲ್ಲಿಗೆ ಗಾಳಿ ತಡೆಯುವ ಕೈಚೀಲದಂಥ ಕವರು ಕಟ್ಟಿಸಿ. ನಿಮ್ಮ ಕೈಗೆ ಬ್ರೇಕಿನ ಕೆಲಸ ಇಲ್ಲ, ಅದಕ್ಕೇ ನಾಲ್ಕು ಬೆರಳೂ ಒಟ್ಟಿಗೆ ಸೇರುವ ಉಣ್ಣೆಯ ಕೈಚೀಲ ಹಾಕಿ, ಮೇಲೆ ಗಾಳಿ ತಡೆಯುವ ಕವಚ ಇರಲಿ. ಬೆರಳು ಒಂದಕ್ಕೊಂದು ತಾಗಿದ್ದರೆ ಬೇರೆಬೇರೆ ಬೆರಳಿನ ಗ್ಲೌಸಿಗಿಂತ ಬೆಚ್ಚಗಿರುತ್ತದೆ.

ಕೊಂಡ ದಿನವೇ ಮನೆಯಲ್ಲಿ ಒಂದು ಗಂಟೆ ಹಾಕಿಕೊಂಡು ಕೂತು ನೋಡಿ. ಒಂದೇ ಕಡೆ ಚುರ್ ಅನ್ನುತ್ತಿದ್ದರೆ, ಸ್ವಿಚ್ಚು ಕೆಲಸ ಮಾಡದಿದ್ದರೆ ಹಿಂದಿರುಗಿಸಿ. ಬಿಸಿ ಮೂರು ಹಂತದಲ್ಲಾದರೂ ಹೆಚ್ಚು ಕಡಿಮೆ ಮಾಡುವಂತಿರಲಿ. ಸ್ವಿಚ್ಚು ದಪ್ಪ ಗ್ಲೌಸು ಹಾಕಿದ ಕೈಗೂ ಸಿಗುವಂತಿರಲಿ. ಕರೆಂಟು ಪೂರ್ತಿ ಕೈಕೊಟ್ಟರೂ ಮೇಲಿನ ಉಣ್ಣೆ, ಜಾಕೆಟ್ಟಿನಲ್ಲೇ ಮುಂದಿನ ಊರು ಮುಟ್ಟುವಂತಿರಬೇಕು, ಇದು ಮುಖ್ಯ.

ತೊಳೆಯುವಾಗ ಮೊದಲು ಬ್ಯಾಟರಿ ತೆಗೆದು, ಪ್ಲಗ್ಗಿಗೆ ಮುಚ್ಚಳ ಹಾಕಿ. ಚೀಟಿಯಲ್ಲಿ ಬೇರೆ ಹೇಳಿಲ್ಲದಿದ್ದರೆ ತಣ್ಣೀರು, ಸ್ವಲ್ಪ ಸೋಪು, ಕೈಯಲ್ಲೇ ಅದುಮಿ ತೊಳೆಯಿರಿ. ಒಗೆಯುವ ಕಲ್ಲಿಗೆ ಬಡಿಯುವುದು, ಹಿಂಡುವುದು, ಇಸ್ತ್ರಿ, ಮೂರೂ ಬೇಡ. ನೆರಳಲ್ಲಿ ಹರವಿ ಒಣಗಿಸಿ. ರೇಷ್ಮೆ ಸೀರೆಯ ಹಾಗೆ ಗಟ್ಟಿ ಮಡಿಕೆ ಹಾಕದೆ ಹ್ಯಾಂಗರಿಗೆ ತೂಗುಹಾಕಿ, ಮಡಿಸಿದ ಜಾಗದಲ್ಲೇ ಎಳೆ ಮುರಿಯುವುದು.

ಕಡೆಗೆ, ಕಾಸಿಲ್ಲದ ಒಂದು ಉಪಾಯ. ಘಟ್ಟ ಹತ್ತುವಾಗ ಹದಿನೈದು ನಿಮಿಷಕ್ಕೊಮ್ಮೆ ಅವರು ನಿಮ್ಮ ಮಂಡಿ ತಟ್ಟಲಿ, ನೀವು ಅವರ ಭುಜ ಎರಡು ಸಲ ತಟ್ಟಿ. ತಟ್ಟದಿದ್ದರೆ ಗಾಡಿ ನಿಲ್ಲಬೇಕು. ನಿಂತಾಗ ಹೆಬ್ಬೆರಳಿಂದ ಕಿರುಬೆರಳು ಮುಟ್ಟಿ ನೋಡಿ. ಮುಟ್ಟಲು ಆಗದಿದ್ದರೆ ಮುಂದೆ ಹೋಗಬೇಡಿ, ಬೆಚ್ಚಗಾಗಿ, ಬಿಸಿಯಾಗಿ ಸಿಹಿಯಿಲ್ಲದ ಚಹಾ ಕುಡಿದು, ಏನಾದರೂ ತಿಂದು ಹೊರಡಿ. ಜೊತೆಗಾರರು ಯಾರಾದರೂ "ಒಂದು ಪೆಗ್ ಹಾಕಿದರೆ ಚಳಿ ಓಡುತ್ತೆ" ಅಂದರೆ ಯಜಮಾನರನ್ನು ಪಕ್ಕಕ್ಕೆ ಕರೆಯಿರಿ. ಅದು ಚರ್ಮಕ್ಕೆ ಬಿಸಿ ಅನ್ನಿಸಿ ಒಳಗಿನ ಶಾಖವನ್ನೇ ಹೊರಗೆ ಕಳಿಸುತ್ತದೆ.

ತಂಗಿ, ಈ ಪುಟವನ್ನು ಅವರಿಗೂ ಓದಲು ಕೊಡಿ. ಅಷ್ಟು ವರ್ಷದ ಆಸೆಯಲ್ಲಿ ನಿಮ್ಮನ್ನೂ ಸೇರಿಸಿಕೊಂಡವರು ನಿಮ್ಮ ಪಾಲಿನ ವೆಸ್ಟಿಗೆ ಬೇಡ ಅನ್ನಲಾರರು. ನೀವು ಕೇಳಿಲ್ಲ, ಅಷ್ಟೇ. ಈ ಸಲ ಕೇಳಿ. ಹೋಗಿ ಬಂದು ಪತ್ರ ಬರೆಯಿರಿ, ಎಲ್ಲರೂ ಓದೋಣ.

ನಿಮ್ಮ ಅಕ್ಕ